ಡೊರೀನ್ ಅಜ್ಜಿಗೆ ಒಂದು ಎಲೆ

ದೊಡ್ಡತೋಗೂರು,
ಎಲೆಕ್ಟ್ರಾನಿಕ್ ಸಿಟಿ, ಬೆಂಗಳೂರು
೨೩ ಸೆಪ್ಟೆಂಬರ್ ೨೦೨೫, ಮಂಗಳವಾರ

ನನ್ನ ಮಗಳು ವೇಣಿಗೆ,

ಅಪ್ಪ ತಲೆ ಮುಟ್ಟಿ ಹರಸಿದ್ದಾನೆ ಎಂದುಕೊಂಡು ಓದಲು ಶುರು ಮಾಡು. ಅಭ್ಯಾಸದಿಂದ ‘ಚಿ. ಸೌ.’ ಎಂದು ಬರೆದಿದ್ದೆ. ನಿನ್ನ ಮದುವೆ ಮುರಿದು ನಾಲ್ಕು ವರ್ಷವಾಯಿತೆಂದು ನೆನಪಾಗಿ ಆ ಹಾಳೆ ಹರಿದೆ, ಇದು ಎರಡನೆಯದು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ತಡವಾದದ್ದಕ್ಕೆ ಕ್ಷಮಿಸು. ಎರಡು ವಾರದ ಹಿಂದೆ ಭಾನುವಾರ ನೀನು ಫೋನು ಮಾಡಿ, ನಿನ್ನ ವೃದ್ಧಾಶ್ರಮದ ಡೊರೀನ್ ಅಜ್ಜಿ ತೀರಿಕೊಂಡರು ಎಂದು ಅತ್ತೆ. ಎರಡು ವರ್ಷ ನೀನೇ ಏಳಿಸಿ, ಮೀಯಿಸಿ, ತಲೆ ಬಾಚಿದ ಹೆಂಗಸು. ಅಳು ಬಾರದೆ ಇರುತ್ತದೆಯೇ. ಆಮೇಲೆ ನೀನು ಎರಡು ಮಾತು ಕೇಳಿದೆ. ಒಂದು, “ಅಪ್ಪ, ಈ ಸಲ ಪಿತೃಪಕ್ಷದಲ್ಲಿ ಅವ್ರಿಗೂ ಒಂದು ಎಡೆ ಇಡ್ತೀರಾ?” ಇನ್ನೊಂದು, “ಅಮ್ಮ ಹೋದಾಗ ನಾನು ಬರೋವರ್ಗೂ ಇನ್ನೊಂದು ದಿನ ಇಟ್ಕೊಳ್ಳೋಕೆ ಆಗ್ಲೇ ಇಲ್ವಾ ಅಪ್ಪ?” ಮೊದಲನೆಯದಕ್ಕೆ ನೋಡೋಣ ಅಂದೆ. ಎರಡನೆಯದು ಬಂದಾಗ ಸಿಗ್ನಲ್ ಸರಿಯಿಲ್ಲ ಎಂದು ಫೋನನ್ನು ನಿನ್ನ ಸೋದರತ್ತೆ ಅಂಜಿನಮ್ಮನ ಕೈಗೆ ಕೊಟ್ಟುಬಿಟ್ಟೆ. ಅದರ ಉತ್ತರ ಫೋನಿನಲ್ಲಿ ಹೇಳಲು ನಾಲಗೆ ಬರುವುದಿಲ್ಲ. ಎರಡನೇ ಮಹಡಿಯ ಬಾಡಿಗೆಯ ಕೊಟ್ರೇಶ್ ಗುರುವಾರ ಮೂರು ತಿಂಗಳ ಕೆಲಸಕ್ಕೆ ನೀನಿರುವ ಇಂಗ್ಲಿಷಿನವರ ದೇಶಕ್ಕೇ ಹೊರಟಿದ್ದಾನೆ. ಅಲ್ಲಿ ಇಳಿದ ಮೇಲೆ ರಾಗಿ ಹಿಟ್ಟು, ಉಪ್ಪಿನಕಾಯಿಯ ಜೊತೆ ಇದನ್ನೂ ಅಂಚೆಗೆ ಹಾಕುತ್ತಾನೆ. ನಿಮ್ಮಲ್ಲಿ ಈಗ ಕೆಲವು ಅಂಚೆ ದಿನ ಬಿಟ್ಟು ದಿನ ಬರುತ್ತದಂತೆ, ಹೌದೇ?

ಮೊದಲು ನನ್ನ ಅವಮಾನದ ಸುದ್ದಿ. ಹೋದ ಡಿಸೆಂಬರಿನಲ್ಲಿ ಡೊರೀನ್ ಅಜ್ಜಿ ಹೆಣೆದದ್ದು ಎಂದು ನೀನು ಕಳಿಸಿದ ಉಣ್ಣೆಯ ಕುಲಾವಿ, ನೀಲಿ ಬಿಳಿ ಪಟ್ಟೆಯದು, ಮೇಲೆ ಕುಚ್ಚು ಇರುವುದು. ಎರಡೂ ಕಡೆ ತೂತು ಬೇರೆ. ಇಂಗ್ಲಿಷಿನವರು ಕಿವಿಗೆ ಗಾಳಿ ಬೇಕೆಂದು ಎಷ್ಟು ಯೋಚನೆ ಮಾಡಿದ್ದಾರೆ ಎಂದುಕೊಂಡು ಚಳಿಗಾಲವಿಡೀ ತೊಟ್ಟು ಕೆರೆ ಏರಿಯ ಮೇಲೆ ವಾಕಿಂಗ್ ಮಾಡಿದೆ. ನಮ್ಮ ಚಿಕ್ಕಪ್ಪನ ಮಗ ಸೊಣ್ಣಪ್ಪನೂ ಅಸೂಯೆಪಟ್ಟು, “ಅಣ್ಣ, ವೇಣೀಗೆ ಏಳಿ ನಂಗೂ ಒಂದ್ ತರ್ಸು” ಎಂದಿದ್ದ. ಹೋದ ವಾರ ಕೊಟ್ರೇಶ್ ಅದನ್ನು ಗೂಟದ ಮೇಲೆ ನೋಡಿ ಬಾಗಿಲು ಹಿಡಿದುಕೊಂಡು ನಕ್ಕ.

“ಅಂಕಲ್, ಇದು ಟೀ ಪಾಟಿನ ಸ್ವೆಟರ್ರು. ಟೀ ಆರಬಾರದು ಅಂತ ಹಾಕ್ತಾರೆ. ಒಂದು ತೂತು ಮೂತಿಗೆ, ಇನ್ನೊಂದು ಹಿಡಿಗೆ.”

ಸೊಣ್ಣಪ್ಪ ಅಲ್ಲೇ ಇದ್ದ. “ಬುಡಪ್ಪ, ನಮ್ಮಣ್ಣನ್ ತಲೇನೂ ಯಾವಾಗ್ಲೂ ಬಿಸೀನೇ” ಅಂದ. ನೀನು ಮೊದಲೇ ಯಾಕಮ್ಮ ಹೇಳಲಿಲ್ಲ? ಅಥವಾ ಫೋಟೋ ನೋಡಿ ನೀವಿಬ್ಬರೂ ನಕ್ಕು ಸುಮ್ಮನಾದಿರೋ? ಆ ಅಜ್ಜಿ ನನ್ನಿಂದ ನಕ್ಕಿದ್ದರೆ ನನಗೆ ಸಂತೋಷವೇ.

ನಿನ್ನ ದೇಶದ ಬಗ್ಗೆ ಕೇಳುವುದು ಬಹಳ ಇದೆ. ಆನೇಕಲ್ಲಿನ ಪಿಯುಸಿಯಲ್ಲಿ ನಮಗೆ ಇಂಗ್ಲಿಷ್ ಹೇಳಿದ ಮೇಷ್ಟ್ರು ಆ ದೇಶ ನೋಡಿದವರಲ್ಲ. ಆದರೂ ‘ಇಂಗ್ಲಿಷ್‌ಮನ್ ಈಸ್ ಎ ರಿಸರ್ವ್ಡ್ ಪರ್ಸನ್’ ಎಂದು ಬೋರ್ಡಿನ ಮೇಲೆ ಬರೆದು ಕಂಠಪಾಠ ಮಾಡಿಸಿದ್ದರು. ರಿಸರ್ವ್ಡ್ ಎಂದರೆ ರೈಲಿನ ಸೀಟೇ ನನಗೆ ಆಗ ಗೊತ್ತಿದ್ದದ್ದು. ಈಗ ನೀನು ಹೇಳುವುದನ್ನೂ ಕೊಟ್ರೇಶ್ ಹೇಳುವುದನ್ನೂ ಜೋಡಿಸಿಕೊಂಡು ಕೂತಿದ್ದೇನೆ. ಒಂಟಿತನಕ್ಕೆಂದೇ ಅಲ್ಲಿ ಒಬ್ಬ ಮಂತ್ರಿಯನ್ನು ಮಾಡಿದ್ದರಂತೆ, ನಿಜವೇ? ಪಾರ್ಕಿನ ಬೆಂಚಿಗೆ ‘ಇಲ್ಲಿ ಕೂತವರನ್ನು ಮಾತಾಡಿಸಬಹುದು’ ಎಂದು ಬೋರ್ಡು ಹಾಕುತ್ತಾರಂತೆ. ಸೊಣ್ಣಪ್ಪನಿಗೆ ಹೇಳಿದರೆ, “ನಮ್ ಅಳ್ಳಿಕಟ್ಟೇಗೆ ಉಲ್ಟಾ ಬೋಲ್ಡ್ ಆಕ್ಬೇಕು, ದಯವಿಟ್ಟು ಮಾತಾಡುಸ್ಬ್ಯಾಡ್ರಿ ಅಂತ” ಎಂದ. ಡಾಕ್ಟರನ್ನು ನೋಡಲು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಊರಿಗೆ ಊರೇ ಫೋನು ಹಿಡಿದು ಕೂರುತ್ತದೆ ಎಂದೆಯಲ್ಲ, ಸಿಕ್ಕದಿದ್ದವರು ಮರುದಿನದವರೆಗೆ ಏನು ಮಾಡುತ್ತಾರೆ? ನಿನ್ನಂಥ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ಈ ಜುಲೈಯಿಂದ ನಿಲ್ಲಿಸಿದ್ದಾರಂತೆ. ಹಾಗಾದರೆ ಮುಂದೆ ಆ ಮುದುಕರನ್ನು ಹಾಸಿಗೆಯಿಂದ ಏಳಿಸುವವರು ಯಾರು? ಕೋಪದಿಂದಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಬೇಸಿಗೆಯಿಂದ ಅಲ್ಲಿ ದೀಪದ ಕಂಬಗಳಿಗೆಲ್ಲ ತಮ್ಮ ದೇಶದ ಬಾವುಟ ಕಟ್ಟಿದ್ದಾರೆ, ಬಸ್ ಸ್ಟಾಪಿನಲ್ಲಿ ಒಬ್ಬಾತ “ನಿಮ್ಮೂರಿಗೆ ಯಾವಾಗ ಹೋಗುತ್ತೀಯ” ಎಂದು ಕೇಳಿದ ಎಂದೂ ನೀನು ಹೇಳಿದ್ದೆ. ಬಾವುಟ ಕಟ್ಟಿದವರೆಲ್ಲ ಅಂಥವರಲ್ಲ ಎಂದೂ ನೀನೇ ಸೇರಿಸಿದೆ. ಅವತ್ತು ನನಗೆ ನಮ್ಮ ನವೆಂಬರ್ ನೆನಪಾಯಿತು. ನಾನೇ ಮುಂದೆ ನಿಂತು ಕಂಬ ಕಂಬಕ್ಕೂ ಹಳದಿ ಕೆಂಪು ಬಾವುಟ ಕಟ್ಟಿಸುವವನು. ಮೂರನೇ ಮಹಡಿಯಲ್ಲಿ ಒಡಿಶಾದ ಹೆಣ್ಣುಮಕ್ಕಳಿದ್ದಾರಲ್ಲ, ಕಾರ್ಖಾನೆಗೆ ಹೋಗುವವರು, ಅವರನ್ನು ಹೋಗಿ ಕೇಳಿದೆ, ಆವತ್ತು ನಿಮಗೆ ಹೇಗನ್ನಿಸುತ್ತದೆ ಎಂದು. “ಚೆನ್ನಾಗಿರುತ್ತೆ ಅಂಕಲ್, ಆರ್ಕೆಸ್ಟ್ರಾ ಇರುತ್ತೆ” ಎಂದಳು ಒಬ್ಬಳು. ಆಮೇಲೆ, “ಆದ್ರೆ ಅವತ್ತು ನಾವು ಬೇಗ ರೂಮಿಗೆ ಬಂದ್ಬಿಡ್ತೀವಿ” ಎಂದಳು. ಒಂಬತ್ತು ವರ್ಷದಿಂದ ಬಾಡಿಗೆ ಮನೆ ಕೊಡುತ್ತಿದ್ದೇನೆ, ಇದು ಗೊತ್ತಿರಲಿಲ್ಲ.

ಇನ್ನು ಡೊರೀನ್ ಅಜ್ಜಿಯ ವಿಷಯ. ಸುಡುವಾಗ ಯಾರೂ ಇರುವುದಿಲ್ಲ, ಪ್ರಾರ್ಥನೆಯಿಲ್ಲ, ಹೂವಿಲ್ಲ, ಮಗನೂ ಹೋಗಲಿಲ್ಲ, ಬೂದಿ ಮನೆಗೆ ಬರುತ್ತದೆ ಎಂದು ನೀನು ಹೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ಕೊಟ್ರೇಶ್ ಅರ್ಥ ಮಾಡಿಸಿದ. ಅದು ಈಗ ಅಲ್ಲಿ ಬಹಳ ಜನ ಆರಿಸಿಕೊಳ್ಳುವ ಕ್ರಮವಂತೆ. ಮಧ್ಯಾಹ್ನದ ಟೀವಿಯಲ್ಲಿ ಜಾಹೀರಾತು ಬರುತ್ತದಂತೆ, ಬಿಳಿ ಕೂದಲಿನ ದಂಪತಿ ನಗುನಗುತ್ತಾ ‘ಯಾರಿಗೂ ತೊಂದರೆ ಬೇಡ’ ಎನ್ನುತ್ತಾರಂತೆ. ಅಜ್ಜಿ ತಾವೇ ಹಾಗೆ ಬರೆದಿಟ್ಟಿದ್ದರು ಎಂದು ನೀನೂ ಹೇಳಿದೆ. ಆದರೆ ಮರುದಿನ ಬೆಳಿಗ್ಗೆ ಅವರ ಖಾಲಿ ಕೋಣೆಯ ಮುಂದೆ ನಿಂತು ಅಭ್ಯಾಸದಂತೆ ಬಾಗಿಲು ತಟ್ಟಿಬಿಟ್ಟೆ ಎಂದೆಯಲ್ಲ. ಕಿವಿ ಕೇಳದವರಾದರೂ ತಟ್ಟಿಯೇ ಒಳಗೆ ಹೋಗಬೇಕು, ಅದು ಅವರ ಮನೆ, ಎಂಬುದು ಅಲ್ಲಿನ ನಿಯಮವೆಂದು ಹೇಳಿದ್ದೆ. ಆ ನಿಯಮ ನನಗೆ ಬಹಳ ಹಿಡಿಸಿತು. ಅಂಥ ಜನ ಕಡೆಗೆ ಹೆಣವನ್ನು ಒಂಟಿಯಾಗಿ ಕಳಿಸುವುದು ಹೇಗೆ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಮೊನ್ನೆ ಭಾನುವಾರ ಮಹಾಲಯ ಅಮಾವಾಸ್ಯೆ. ಅಂಜಿನಮ್ಮಕ್ಕ ಬೆಳಿಗ್ಗೆಯೇ ಬಂದು ಒಲೆ ಹಿಡಿದಿದ್ದಳು. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ. ಐದು ಎಲೆಗಳ ಜೊತೆ ಆರನೆಯದನ್ನು ತೊಳೆಯುತ್ತಿದ್ದೆ, ಕಂಡುಬಿಟ್ಟಳು.

“ಇದ್ಯಾರ್ಗೋ?”

ಹೇಳಿದೆ.

“ನಿಂಗೇನ್ ಬುದ್ಧಿಗಿದ್ಧಿ ಐತಾ? ಅದ್ಯಾವ್ ದೊರೆಸಾನೀನೋ, ಯಾವ್ ಕುಲಾನೋ. ನಮ್ ಅಪ್ಪ ಅಂಥೋರ್ನ ಕಂಡ್ರೆ ಬೇಲಿ ಆರೋನು. ಈಗ ಪಕ್ದಾಗೆ ಕುಂಡ್ರುಸ್ತೀಯಾ? ಇಂಗೆಲ್ಲಾ ಮಾಡುದ್ರೆ ಇರೀಕ್ರು ಎಲೆ ಬುಟ್ ಎದ್ದೋಗ್ತಾರೆ.”

ಸೊಣ್ಣಪ್ಪ ಒಗ್ಗರಣೆ ಹಾಕಿದ. “ಅಕ್ಕ, ದೊರೆಸಾನಿ ಮುದ್ದೆ ನುಂಗ್ತಾಳಾ? ಅಗಿಯಾಕ್ ಓದ್ರೆ ದವಡೆಗ್ ಮೆತ್ಕೊಂತದೆ.”

ಅಜ್ಜಿಗೆ ಇಷ್ಟವಾದದ್ದೆಂದು ನೀನು ಕಳಿಸಿದ ಪಟ್ಟಿಯನ್ನು ಕೊಟ್ರೇಶ್ ಓದಿದ. ಹಾಲು ಹಾಕಿದ, ಸಕ್ಕರೆ ಇಲ್ಲದ ಟೀ. ನಡುವೆ ಕೆನೆಯಿರುವ ಬಿಸ್ಕತ್ತು. ಸಂಜೆಯ ಕ್ವಿಜ್ ಕಾರ್ಯಕ್ರಮ. ಟೀವಿಯನ್ನು ಎಡೆಗೆ ಇಡುವುದು ಹೇಗೆ ಎಂದು ನಾವು ನೋಡುತ್ತಿದ್ದರೆ ಅಕ್ಕನಿಗೆ ಟೀಯದೇ ಚಿಂತೆ. “ಸಕ್ರೆ ಇಲ್ದಿರೋ ಟೀನಾ? ಸತ್ ಮ್ಯಾಲೂ ಶುಗರ್ರಾ?” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಯಾರೂ ಓಗ್ಲಿಲ್ವಾ? ಮಗಾನೂವಾ?”

“ಇಲ್ಲ ಅಕ್ಕ. ಆಯಮ್ಮನೇ ಬೇಡ ಅಂದಿದ್ರಂತೆ.”

“ಬ್ಯಾಡ ಅಂತಾರಪ್ಪ. ಬ್ಯಾಡ ಅಂದೋರ್ ಮಾತೆಲ್ಲ ಕೇಳಾಕಾಯ್ತದಾ.”

ಸೌಟು ಕೆಳಗಿಟ್ಟಳು. ಆಮೇಲೆ ಅವಳೇ ಎಲೆ ಒರೆಸಿ ನಿನ್ನ ಅಮ್ಮನ ಎಲೆಯ ಹತ್ತಿರ ಜಾಗ ತೋರಿಸಿದಳು. “ಇರೀಕ್ರ್ ಸಾಲ್ನಾಗ್ ಬ್ಯಾಡ. ಇಲ್ಲಿ, ವನಜಾ ಪಕ್ಕ ಇಕ್ಕು. ದಿನಾ ಮಗೀನ್ ಮುಖ ನೋಡ್ದೋಳು ಈಯಮ್ಮ. ವನಜಾ ಕೂತ್ಕಂಡ್ ಇಚಾರುಸ್ಲಿ, ನಮ್ ವೇಣಿ ಎಂಗವ್ಳೆ, ಒತ್ತಿಗ್ ಸರಿಯಾಗ್ ಉಣ್ತಾಳಾ ಅಂತ.”

ಅಜ್ಜಿಯ ಫೋಟೋ ಕಳಿಸಲು ನಿಮ್ಮಲ್ಲಿ ನಿಯಮ ಬಿಡುವುದಿಲ್ಲವಲ್ಲ, ಅದಕ್ಕೇ ಆ ಸ್ವೆಟರನ್ನೇ ಒಗೆದು, ನಮ್ಮ ಸ್ಟೀಲ್ ಕೆಟಲಿಗೆ ತೊಡಿಸಿ, ಕುಂಕುಮ ಬೇಡವೆಂದು ಒಂದು ಸೇವಂತಿಗೆ ಹೂ ಸಿಕ್ಕಿಸಿ ಎಲೆಯ ಹಿಂದೆ ಇಟ್ಟೆ. ಬಿಸ್ಕತ್ತು ಕೊಟ್ರೇಶ್ ಮಾಲಿನಿಂದ ತಂದಿದ್ದ. ನಿನ್ನ ಅಮ್ಮನ ಎಲೆಗೆ ಎಂದಿನಂತೆ ಖಾರಪುರಿ, ಗೋಲಿ ಸೋಡಾ. ಸಾಂಬ್ರಾಣಿ ಹಾಕಿ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದು ಕುಳಿತೆವು.

“ಯಾಕೆ ಅಂಕಲ್ ಹೊರಗೆ? ನಮ್ಮ ಮನೇಲಿ ಹೀಗಿಲ್ಲ” ಎಂದ ಕೊಟ್ರೇಶ್.

ನಾವು ನೋಡುತ್ತಿದ್ದರೆ ಅವರು ಉಣ್ಣುವುದಿಲ್ಲ ಎಂದೆ. ಅದು ನಿನ್ನ ಅಮ್ಮನ ಮಾತು, ವೇಣಿ. ಮದುವೆ ಮುರಿದ ಮೇಲೆ ನೀನು ಎರಡು ವರ್ಷ ಆ ಮೂಲೆಕೋಣೆಯ ಬಾಗಿಲು ಹಾಕಿಕೊಂಡು ಕುಳಿತಾಗ ನಿನ್ನ ಅಮ್ಮ ತಟ್ಟೆಯನ್ನು ಹೊಸ್ತಿಲಲ್ಲಿ ಇಟ್ಟು, ಮೂರು ಸಲ ತಟ್ಟಿ, ಇದೇ ಮಾತು ಹೇಳಿ ನನ್ನನ್ನು ದೂರ ಎಳೆದುಕೊಂಡು ಹೋಗುತ್ತಿದ್ದಳು.

ಅರ್ಧ ಗಂಟೆ ಬಿಟ್ಟು ಅಕ್ಕ ಮೂರು ಸಲ ತಟ್ಟಿದಳು. ಒಳಗೆ ವಿಶೇಷವೇನೂ ಆಗಿರಲಿಲ್ಲ. ಟೀಯ ಮೇಲೆ ಕೆನೆ ಕಟ್ಟಿತ್ತು, ಬಿಸ್ಕತ್ತಿಗೆ ಇರುವೆ ಬಂದಿತ್ತು. ಅಕ್ಕ ಇರುವೆ ಊದಿ ಒಂದು ಬಾಯಿಗೆ ಹಾಕಿಕೊಂಡು, “ರುಚಿ ತಿಳ್ದೋಳು ಕಣೋ ದೊರೆಸಾನಿ” ಎಂದಳು. ಮುಂದಿನ ವರ್ಷಕ್ಕೂ ತರಬೇಕಂತೆ.

ನಿನ್ನ ಮೊದಲ ಮಾತು ನಡೆಸಿಕೊಟ್ಟಿದ್ದೇನೆ. ಚಳಿ ಶುರುವಾಗುತ್ತಿದೆ, ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಲ್ಲಬೇಡ, ಜೊತೆಯವರಿದ್ದರೆ ಸೇರಿ ಹೋಗು. ಆ ಊರಿನ ಮುದುಕರೆಲ್ಲ ನಿನ್ನ ಕೈಯಲ್ಲಿ ಸುಖವಾಗಿ ಏಳಲಿ, ನಿನ್ನ ಕೈಗೆ ಬಲ ಬರಲಿ, ನೂರು ಕಾಲ ನಗುತ್ತಿರು.

ಯುವರ್ಸ್ ಅಫೆಕ್ಷನೇಟ್ಲಿ (ಮೇಷ್ಟ್ರು ಕಲಿಸಿದ್ದು ಇದೊಂದು ಸರಿಯಾಗಿ ನೆನಪಿದೆ),
ನಿನ್ನ ಅಪ್ಪ,
ನಲ್ಲಪ್ಪ

ಮರೆತ ಮಾತು: ಮರೆತದ್ದಲ್ಲ. ಎರಡನೆಯದಕ್ಕೆ ಉತ್ತರ ಇದು. ಇಟ್ಟುಕೊಳ್ಳಬಹುದಾಗಿತ್ತು. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತು, ಹೆಣ ಇಡುವ ಹಾಗಿಲ್ಲ ಎಂದು ಊರ ಹಿರಿಯರು ಅಂದರು ಎಂದು ನಿನಗೆ ಹೇಳಿದ್ದೆ. ಯಾರೂ ಹಾಗನ್ನಲಿಲ್ಲ. ಸೊಣ್ಣಪ್ಪ ಐಸ್ ಪೆಟ್ಟಿಗೆಯನ್ನು ಗೇಟಿನವರೆಗೆ ತಂದಿದ್ದ. “ಮಗು ಬರ್ಲಿ ಅಣ್ಣ, ಎರಡ್ ದಿನ ತಾನೇ” ಎಂದ. ನಾನೇ ವಾಪಸ್ ಕಳಿಸಿದೆ, ನಾಲ್ಕು ಗಂಟೆಯೊಳಗೆ ಮಣ್ಣು ಮಾಡಿಸಿದೆ. ಹಿಂದಿನ ದಿನ ಆಸ್ಪತ್ರೆಯಲ್ಲಿ ವನಜಾ ನನ್ನ ಕೈ ಹಿಡಿದು, “ವೇಣಿ ಬರೋವರ್ಗೂ ನನ್ನ ಇಟ್ಟಿರಿ” ಎಂದಿದ್ದಳು. ಆಗಲಿ ಎಂದು ತಲೆಯಾಡಿಸಿದ್ದೆ. ನೀನು ಹೋಗಿ ನಾಲ್ಕೇ ತಿಂಗಳಾಗಿತ್ತು. ಫೋನಿನಲ್ಲಿ ನಿನ್ನ ದನಿಗೆ ಮೊದಲಿನ ಗೆಲುವು ಬಂದಿತ್ತು. ಬಂದರೆ ಮತ್ತೆ ಆ ಮೂಲೆಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀಯೆಂದು ಹೆದರಿಬಿಟ್ಟೆ. ಡೊರೀನ್ ಅಜ್ಜಿ ಯಾರೂ ಬೇಡ ಅಂದಿದ್ದರು, ಅವರ ಮಾತು ನಡೆಯಿತು. ನಿನ್ನ ಅಮ್ಮ ನೀನು ಬೇಕು ಅಂದಿದ್ದಳು. ಇದನ್ನು ಓದಿದ ಮೇಲೆ ನೀನು ನನ್ನ ಫೋನು ಎತ್ತದಿದ್ದರೆ ನಾನು ಏನೂ ಅಂದುಕೊಳ್ಳುವುದಿಲ್ಲ. ದಿನಕ್ಕೊಂದು ಸಲ, ನಿನ್ನ ಕೆಲಸ ಮುಗಿಯುವ ಹೊತ್ತಿಗೆ, ಮೂರು ರಿಂಗು ಕೊಟ್ಟು ಇಡುತ್ತೇನೆ. ನಿನಗೆ ಯಾವಾಗ ತೆಗೆಯಬೇಕೆನ್ನಿಸುತ್ತದೋ ಆಗ ತೆಗೆ. ನಾನು ಹೊರಗೇ ಕೂತಿರುತ್ತೇನೆ.