ಮುರಡ ಹಾಕಿದ ಕಡಬು

ಧನಕವಡಿ, ಪುಣೆ
೪ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ನೀತಾ,

ಆರೋಗ್ಯವಾಗಿದ್ದೀಯಾ? ಕೋಲ್ಕತ್ತಾದ ನೀರು ಒಗ್ಗಿತೇ? ದಿನವಿಡೀ ಹಬೆಯ ಮುಂದೆ ನಿಲ್ಲುವವಳು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮವ್ವ ಸೌಖ್ಯ. ಅವಳ ಮೊಣಕಾಲು ಮಾತ್ರ ಮಳೆ ಬಂದಾಗಲೆಲ್ಲ ತಕರಾರು ತೆಗೆಯುತ್ತದೆ. ನನಗೇನೂ ಧಾಡಿಯಿಲ್ಲ. ಎರಡು ವರ್ಷದ ಮೇಲೆ ಅಪ್ಪ ಪತ್ರ ಬರೆದನೆಂದು ಗಾಬರಿಯಾಗಬೇಡ. ಫೋನಿನಲ್ಲಿ ನನ್ನ ದನಿ ತಾನಾಗಿ ಏರುತ್ತದೆ, ನೀನು ಇಟ್ಟುಬಿಡುತ್ತೀ. ಕಾಗದದ ಮೇಲೆ ಕೂಗಾಡಲು ಬರುವುದಿಲ್ಲ.

ನಿನ್ನೆ ನಾವಿಬ್ಬರೂ ಕೊಂಢವಾದ ಡಿಮ್ ಸಮ್ ಹೋಟೆಲಿಗೆ, ಅದೇ ಚೀನೀ ಕಡಬಿನ ಹೋಟೆಲಿಗೆ, ಹೋಗಿದ್ದೆವು. ಹೌದು, ನಾನೂ! ಬ್ಯಾಂಕಿನ ಪರೀಕ್ಷೆ ಬಿಟ್ಟು ನೀನು ಇಂಥದೇ ಹೋಟೆಲಿನ ಅಡಿಗೆಮನೆ ಸೇರಿದಾಗ, "ಒಲೀ ಮುಂದ ನಿಂದ್ರಾಕ ಎಂ.ಕಾಂ. ಯಾಕ ಬೇಕಿತ್ತು?" ಎಂದು ಹಾರಾಡಿದವನೇ. ಪಂಚಮಿಯ ದಿನ ಕಡಬು ಕುದಿಸುತ್ತ ನಿಮ್ಮವ್ವ, "ಮಗಳು ಅಲ್ಲಿ ಏನ ಮಾಡ್ತಾಳ ಅಂತ ಒಮ್ಮೆರ ಕಣ್ಣಿಲೆ ನೋಡೂಣ್ರಿ" ಎಂದಳು. ಬೇಡವೆನ್ನಲು ನನ್ನಲ್ಲಿ ನೆಪ ಉಳಿದಿರಲಿಲ್ಲ.

ಮಾಂಸ ಮುಟ್ಟಿದ ಪಾತ್ರೆಯಲ್ಲ ತಾನೇ ಎಂದು ಮರಾಠಿಯಲ್ಲಿ ಮೂರು ಸಲ ಕೇಳಿದೆ. ಬಡಿಸುವವರು ಮೂರು ಸಲವೂ ನಗುತ್ತಲೇ ಉತ್ತರ ಕೊಟ್ಟರು. ಬಿದಿರಿನ ಪುಟ್ಟ ಬುಟ್ಟಿ ತಂದಿಟ್ಟು ಮುಚ್ಚಳ ತೆಗೆದರು ನೋಡು, ನನ್ನ ಕನ್ನಡಕಕ್ಕೆಲ್ಲ ಹಬೆ ಹಿಡಿಯಿತು. ಒರೆಸಿಕೊಂಡು ಬಗ್ಗಿದೆ. ಒಳಗಿನ ಹಸಿರು ಪಲ್ಯ ಹೊರಗೆ ಕಾಣುವಷ್ಟು ತೆಳು ಹಿಟ್ಟು, ಆದರೂ ಎಲ್ಲೂ ಬಿರಿದಿಲ್ಲ! ಗಾಜಿನಾಚೆ ಒಬ್ಬ ಹೆಂಗಸು ಅದನ್ನು ಮಾಡುತ್ತಿದ್ದಳು. ಅಂಚಿನ ಮಡಿಕೆ ಎಣಿಸಿದೆ, ಹದಿನೆಂಟು. ಮುಂದಿನದಕ್ಕೂ ಹದಿನೆಂಟು. ಮೂವತ್ತೈದು ವರ್ಷ ಆಫೀಸಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆದವನು ನಾನು, ನನ್ನ ಗೆರೆ ಒಮ್ಮೆಯೂ ಅಷ್ಟು ಸಮ ಬಂದದ್ದಿಲ್ಲ. ಬಾಯಿ ತೆರೆದು ನೋಡುತ್ತ ಕೂತುಬಿಟ್ಟೆ.

"ಇದು ನಮ್ಮ ಮುರಡ ಅಲ್ಲೇನ್ರಿ!" ಎಂದಳು ನಿಮ್ಮವ್ವ. ಕಡಬಿನ ಅಂಚನ್ನು ಮಡಿಚಿ ತಿರುವುವ ಈ ಮುರಡವನ್ನು ಮಗ್ಗುಲ ಮನೆಯ ಮರಾಠಿ ಆಜಿ ಅವಳಿಗೆ ಕಲಿಸಿದ್ದು ನಿನಗೆ ನೆನಪಿರಬೇಕು. ಮನೆಯಿಂದ ಹೊರಡುವ ಮಗಳಿಗೆ ಅಂಚು ಮುರಡಿದ ಕಡಬು ಕಟ್ಟಿಕೊಟ್ಟರೆ ಅವಳೂ ಹಾಗೇ ಮುರಡಿ, ತಿರುಗಿ ಮನೆಗೆ ಬರುತ್ತಾಳಂತೆ. ನಾನು ತಲೆ ತಗ್ಗಿಸಿ ಚಹಾ ಕುಡಿದೆ.

ಅಷ್ಟರಲ್ಲಿ ನಿಮ್ಮವ್ವ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಬುಟ್ಟಿಯೊಳಗೆ ತುಪ್ಪ ಸುರಿದೇಬಿಟ್ಟಳು! "ತುಪ್ಪ ಇಲ್ಲದ ಕಡಬು ಹ್ಯಾಂಗ ತಿನ್ನೂದ್ರಿ?" ಎಂದು ನನ್ನನ್ನೇ ಕೇಳಿದಳು. ಬುಟ್ಟಿಯ ತಳದಿಂದ ತುಪ್ಪ ಇಳಿದು ಮೇಜೆಲ್ಲ ಹರಿಯಿತು. ಗಾಜಿನಾಚೆಯ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ನಾನು ಎದ್ದುನಿಂತು "ಮಾಫ್ ಕರಾ" ಎಂದೆ. ಅವಳು ಬೈಯಲಿಲ್ಲ. ತುಪ್ಪದಲ್ಲಿ ಮಿಂದ ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಇನ್ನೊಂದಕ್ಕೆ ಕೈ ಚಾಚಿದಳು. ನಿಮ್ಮವ್ವ ತನ್ನ ಹರಕು ಹಿಂದಿಯಲ್ಲಿ, "ಮೇರೀ ಬೇಟಿ ಭೀ ಯಹೀ ಕಾಮ ಕರತೀ" ಎಂದು, ತನ್ನ ಮಗಳದೂ ಇದೇ ಕೆಲಸವೆಂದು ಇಡೀ ಹೋಟೆಲಿಗೆ ಕೇಳುವಂತೆ ಹೇಳಿದಳು. ಮಡಿಕೆ ಸಮ ಬರಲು ತನಗೆ ನಾಲ್ಕು ವರ್ಷ ಹಿಡಿಯಿತೆಂದಳು ಆ ಹೆಂಗಸು. ನೀನು ಬ್ಯಾಂಕಿನಲ್ಲಿದ್ದೀ ಎಂದು ನಾನು ನಮ್ಮ ಓಣಿಯವರಿಗೆ ಸುಳ್ಳು ಹೇಳಿಕೊಂಡು ತಿರುಗಿದ್ದು ಎರಡು ವರ್ಷ. ನನಗೆ ಬಹಳ ನಾಚಿಕೆಯಾಯಿತು, ಮಗಳೇ. ನಿನ್ನದು ದೊಡ್ಡ ವಿದ್ಯೆ. ತಪ್ಪು ನನ್ನದು.

ನಿನ್ನ ಕೈ ಸುಡದಿರಲಿ, ಕೀರ್ತಿ ಬರಲಿ. ನಿಮ್ಮವ್ವನ ಮುದ್ದುಗಳು.

ನಿನ್ನ ಅಪ್ಪ,
ಸಿದ್ದಲಿಂಗಪ್ಪ

ತಾ.ಕ.: ಕೊರಿಯರಿನವರು ಮುಚ್ಚುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನೀನು ಹೊರಟ ದಿನ ನಿಮ್ಮವ್ವ ನಿನ್ನ ಚೀಲದಲ್ಲಿ ಮುರಡ ಹಾಕಿದ ಕಡಬಿನ ಡಬ್ಬಿ ಇಟ್ಟಿದ್ದಳು. ಸಿಟ್ಟಿನ ಭರದಲ್ಲಿ ಅದನ್ನು ಹೊರಗೆ ತೆಗೆದವನು ನಾನು. ನೀನು ಅದರ ಸುದ್ದಿಯನ್ನೇ ಎತ್ತಲಿಲ್ಲವೆಂದು ಅವಳು ಈವರೆಗೂ ನೊಂದುಕೊಂಡಿದ್ದಳು. ನಿನ್ನೆ ಮನೆಗೆ ಬಂದು ಹೇಳಿಬಿಟ್ಟೆ. ಅವಳು ಎದ್ದು ಅಡಿಗೆಮನೆಗೆ ಹೋದಳು. ಆಮೇಲೆ ಕಣಕ ಕಲಸಿ ನನ್ನ ಮುಂದಿಟ್ಟು, "ಈಗ ನೀವ ಹಾಕ್ರಿ ಮುರಡ" ಎಂದಳು. ಹಳಸಬಾರದೆಂದು ಕರಿದು ಈ ಪತ್ರದ ಜೊತೆ ಕಳಿಸಿದ್ದೇವೆ. ಅಂಕುಡೊಂಕಾಗಿರುವವೆಲ್ಲ ನಾನು ಮಾಡಿದವು. ಮೊದಲು ಅವನ್ನೇ ತಿನ್ನು.