ನಿನ್ನೂರಿನ ಮೇಲಿದ್ದ ಮೋಡ

ಪಾರ್ಕ್‌ಲ್ಯಾಂಡ್ಸ್, ನೈರೋಬಿ
೧೭ ಜನವರಿ ೨೦೦೪, ಶನಿವಾರ

ಪ್ರೀತಿಯ ಧನು,

ಅಕ್ಕನ ಆಶೀರ್ವಾದ. ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತೋ, ಇನ್ನೂ ಬೆಳಗಿನ ಹೊತ್ತು ಕಾಡುತ್ತದೋ? ಫೋನಿನಲ್ಲಿ ಕೇಳಿದರೆ "ಏನಿಲ್ಲಕ್ಕ, ಚೆನ್ನಾಗಿದ್ದೀನಿ" ಎನ್ನುತ್ತೀಯ, ಆಮೇಲೆ ಫೋನನ್ನು ದೂರ ಹಿಡಿದುಕೊಂಡು ಕೆಮ್ಮುತ್ತೀಯ. ನನ್ನ ಕಿವಿ ಇನ್ನೂ ಚೆನ್ನಾಗಿಯೇ ಇದೆ ಮಾರಾಯ. ನಿಮ್ಮ ಶೆಟ್‌ಲ್ಯಾಂಡ್ ದ್ವೀಪದಲ್ಲಿ ಈಗ ಮಧ್ಯಾಹ್ನದ ಕಾಫಿ ಮುಗಿಯುವುದರೊಳಗೆ ಕತ್ತಲಾಗುತ್ತದೆ ಎನ್ನುತ್ತಿದ್ದೆಯಲ್ಲ, ಸ್ವೆಟರ್ ಒಳಗೆ ಇನ್ನೊಂದು ಸ್ವೆಟರ್ ಹಾಕಿಕೋ, ಯಾರೂ ನಗುವುದಿಲ್ಲ. ಬೇರೆ ಪಾರ್ಸೆಲ್‌ನಲ್ಲಿ ಎಳ್ಳುಬೆಲ್ಲ ಕಳಿಸಿದ್ದೇನೆ. ಕೊಬ್ಬರಿ ನಾನೇ ಹೆಚ್ಚಿದ್ದು. ಸಕ್ಕರೆ ಅಚ್ಚು ಮಾಡಲು ಹೋಗಿ ಗಿಳಿ, ಆನೆ ಎಲ್ಲ ಒಂದೇ ಥರ ಬಂದವು. ಸಾನ್ವಿ ರೇಷ್ಮೆ ಲಂಗ ಹಾಕಿಕೊಂಡು ಈ ಬಿಲ್ಡಿಂಗಿನ ಎಲ್ಲ ಮನೆಗೂ ಎಳ್ಳು ಬೀರಿ ಬಂದಳು. ಗುಜರಾತಿ ಆಂಟಿಯರು ಅವಳ ತಟ್ಟೆ ತುಂಬ ಚಿಕ್ಕಿ ಕೊಟ್ಟು ಕಳಿಸಿದರು. ನಿನ್ನ ಪಾಲನ್ನು ನಿನ್ನ ಮನೆಯ ಒಡತಿ ಹೆಲನ್‌ಗೂ ಕೊಡು. ಹೋದ ವರ್ಷ ನಾನು ಕಳಿಸಿದ ಚಕ್ಕುಲಿಯನ್ನು ಆ ಮುದುಕಿ ಟೀಯಲ್ಲಿ ಅದ್ದಿ ತಿಂದಳು ಎಂದಿದ್ದೆಯಲ್ಲ, ನೆನಪಾದರೆ ಈಗಲೂ ನಗು ಬರುತ್ತದೆ. ಎಳ್ಳು ತಿಂದ ಮೇಲಾದರೂ ನನಗೆ ನಾಲ್ಕು ಮಾತು ಬರೆ.

ಈ ಪತ್ರದ ಜೊತೆ ರಟ್ಟಿನ ಕೊಳವೆಯಲ್ಲಿ ಸುತ್ತಿಟ್ಟಿರುವುದು ಅಕ್ಟೋಬರ್ ತಿಂಗಳ ಧ್ರುವಪ್ರಭೆಯ ನಕ್ಷೆ, ನಿಮ್ಮ ಉತ್ತರದ ಆಕಾಶದಲ್ಲಿ ರಾತ್ರಿ ಏಳುವ ಆ ಬಣ್ಣದ ಬೆಳಕಿನದು. ಕೊಳವೆ ನಿನ್ನ ಭಾವನ ಫ್ಯಾಕ್ಟರಿಯದು, ಔಷಧದ ಬಾಟಲಿಯ ಲೇಬಲ್ಲು ಸುತ್ತಿ ಬರುತ್ತದಲ್ಲ, ಅದು. ಮೂಗಿಗೆ ಹಿಡಿದರೆ ಇನ್ನೂ ಕೆಮ್ಮಿನ ಸಿರಪ್ಪಿನ ವಾಸನೆ ಇದೆ, ನಿನಗೆ ಒಳ್ಳೆಯದೇ. ಈ ಸಲ ಜೆರಾಕ್ಸ್ ಅಲ್ಲ, ಇಂಕಿನಲ್ಲಿ ಬರೆದ ಟ್ರೇಸಿಂಗ್ ಹಾಳೆಯನ್ನೇ ಕಳಿಸುತ್ತಿದ್ದೇನೆ. ನಾನು ಬರೆದ ನಕ್ಷೆಗಳಲ್ಲೆಲ್ಲ ಇದು ದೊಡ್ಡದು, ಚೆನ್ನಾಗಿಯೂ ಬಂದಿದೆ. ಆದರೆ ಬರೆದು ಮುಗಿಸಿದ ದಿನ ಅದನ್ನು ಗೋಡೆಗೆ ಹಚ್ಚಿ ನೋಡಬೇಕು ಎನ್ನಿಸಲಿಲ್ಲ. ಹಾಗೇ ಸುತ್ತಿ ಬೀರುವಿನ ಮೇಲೆ ಇಟ್ಟುಬಿಟ್ಟೆ.

ಈ ಕೆಲಸ ನೀನು ನನಗೆ ಹಚ್ಚಿದ್ದು ಯಾಕೆಂದು ಆಗ ನನಗೆ ಗೊತ್ತಾಗಿರಲಿಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿಕೊಂಡಿದ್ದವಳು ನಾನು. ಇಲ್ಲಿಗೆ ಬಂದದ್ದು ಗಂಡನ ಬೆನ್ನಿಗೆ ಸಿಕ್ಕುವ ಪಾಸಿನ ಮೇಲೆ. ಅದರಲ್ಲಿ ದುಡಿಯುವ ಹಾಗಿಲ್ಲ. ಮನೆಗೆಲಸದ ಮೇರಿ ಒರೆಸಿ ಹೋದ ನೆಲವನ್ನೇ ಮತ್ತೆ ಒರೆಸುತ್ತಾ, ನಿನಗೆ ಫೋನು ಮಾಡಿ ಅಳುತ್ತಾ ಇದ್ದೆ. ಒಂದು ದಿನ ನೀನು ಅಂದೆ, "ಅಕ್ಕ, ನಮ್ಮ ಗುಂಪಲ್ಲಿ ಎಲ್ರೂ ಆಕಾಶ ನೋಡೋರೇ. ನೋಡಿದ್ದನ್ನ ಒಂದು ಕಡೆ ಕೂಡಿಸಿ ನಕ್ಷೆ ಬರೆಯೋರು ಒಬ್ರೂ ಇಲ್ಲ. ನೀನು ಬರೀತೀಯಾ?" ಸ್ಕಾಟ್ಲೆಂಡಿನ ಮೀನುಗಾರರು, ಐರ್ಲೆಂಡಿನ ಮೇಷ್ಟರು, ಡೆನ್ಮಾರ್ಕಿನ ರೈತರು, ಅವರ ಜೊತೆ ತೈಲ ಟರ್ಮಿನಲ್ಲಿನ ಮೀಟರ್ ನೋಡಿಕೊಳ್ಳುವ ಇಂಜಿನಿಯರ್ ನನ್ನ ತಮ್ಮ. ಅವರೆಲ್ಲ ರಾತ್ರಿ ಕಂಡ ಬೆಳಕನ್ನು ನೈರೋಬಿಯ ಊಟದ ಮೇಜಿನ ಮೇಲೆ ಕೂಡಿಸುವವಳು ನಾನು. ಭೂಮಧ್ಯರೇಖೆಯ ಮಗ್ಗುಲಲ್ಲೇ ಕೂತಿರುವ, ಆ ಬೆಳಕನ್ನು ಒಮ್ಮೆಯೂ ಕಾಣದ ಹೆಂಗಸು. ನಿಮ್ಮ ಗುಂಪಿನವರು ನಗುತ್ತಿದ್ದರಂತಲ್ಲ, ನಗಲಿ ಬಿಡು. ಅದರಿಂದ ನನ್ನ ಅಳು ನಿಂತಿತು.

ಗುರುತುಗಳನ್ನು ಕಲಿಸಿದ್ದೂ ನೀನೇ. ಕಂಡಿದ್ದರೆ ತುಂಬಿದ ಚುಕ್ಕೆ. ಆಕಾಶ ತಿಳಿಯಾಗಿದ್ದು, ನೋಡಿಯೂ ಕಾಣದಿದ್ದರೆ ಖಾಲಿ ಸೊನ್ನೆ. ಮೋಡ ಮುಚ್ಚಿದ್ದರೆ ಇಂಟು ಮಾರ್ಕು. ಯಾರೂ ನೋಡದ ಕಡೆ ಹಾಳೆಯನ್ನು ಹಾಗೇ ಬಿಡಬೇಕು. ಖಾಲಿ ಸೊನ್ನೆ ಯಾಕಪ್ಪಾ ಎಂದು ಕೇಳಿದ್ದಕ್ಕೆ "ಕಾಣಲಿಲ್ಲ ಅನ್ನೋದೂ ಒಂದು ಸುದ್ದೀನೇ ಅಕ್ಕ, ಬೆಳಕು ಎಲ್ಲಿವರೆಗೆ ಬಂತು ಅಂತ ಗೊತ್ತಾಗೋದೇ ಅದರಿಂದ" ಎಂದು ಪಾಠ ಮಾಡಿದೆ, ಮೇಷ್ಟ್ರಿಗೇ ಮೇಷ್ಟ್ರು. ಮೊದಲ ವರ್ಷ ನಾನು ಎರಡು ತುಂಬಿದ ಚುಕ್ಕೆಗಳ ನಡುವೆ, ಇಲ್ಲೂ ಕಂಡೇ ಇರಬೇಕಲ್ಲ ಎಂದು ಅಂದಾಜಿನಲ್ಲಿ ಒಂದು ಚುಕ್ಕೆ ಇಟ್ಟಿದ್ದಕ್ಕೆ ನಕ್ಷೆಯನ್ನೇ ವಾಪಸು ಕಳಿಸಿದೆ. "ಬೇರೆ ಎಲ್ಲಿ ಬೇಕಾದ್ರೂ ಸುಳ್ಳು ಹೇಳಕ್ಕ, ಇದರಲ್ಲಿ ಮಾತ್ರ ಬೇಡ" ಎಂದು ಬರೆದಿದ್ದೆ. ಆ ವಾರವೆಲ್ಲ ನಿನ್ನ ಮೇಲೆ ಮುನಿಸಿಕೊಂಡಿದ್ದೆ. ಆಮೇಲೆ ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆಯಾಯಿತು ಎಂದು ನಿನಗೆ ಹೇಳಿಲ್ಲ.

ಈಗ ಅಕ್ಟೋಬರ್ ವಿಷಯ. ಫೋನಿನಲ್ಲಿ ಈ ಮಾತು ತೆಗೆದರೆ ನೀನು ಸಾನ್ವಿಯ ಸ್ಕೂಲಿನ ವಿಷಯ ಕೇಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ದೀಪಾವಳಿಗೆ ಬಾ ಎಂದು ನಿನ್ನನ್ನು ಕರೆಸಿಕೊಂಡವಳು ನಾನು. ಹಬ್ಬ ಮುಗಿದ ಮಾರನೇ ದಿನ ನೀನು ಹೊರಡಬೇಕಿತ್ತು. ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿದವಳೂ ನಾನೇ, ಜಾಹ್ನವಿಯ ತಂದೆ ಬ್ಯಾಂಕಿನ ಆಡಿಟ್ ಮುಗಿಸಿ ಮೊಂಬಾಸಾದಿಂದ ಬರುವುದು ಬುಧವಾರವಾಗುತ್ತದೆ, ಗುರುವಾರ ದಿನ ಚೆನ್ನಾಗಿದೆ, ಹೆಣ್ಣು ನೋಡಿಕೊಂಡೇ ಹೋಗಲಿ ಎಂದು. ಅಮ್ಮ ಹೋದ ಮೇಲೆ ನಿನ್ನ ಮದುವೆ ನನ್ನ ತಲೆಯ ಮೇಲಿನ ಭಾರ. ಆ ಕತ್ತಲೆಯ ದ್ವೀಪದಲ್ಲಿ ನೀನೊಬ್ಬನೇ ಅನ್ನ ಬೇಯಿಸಿಕೊಂಡು ತಿನ್ನುವುದನ್ನು ನೆನೆದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಮಂಗಳವಾರ ನೀನು ವೆಸ್ಟ್‌ಲ್ಯಾಂಡ್ಸ್‌ನ ಸೈಬರ್ ಕೆಫೆಯಿಂದ ಮುಖ ಕೆಂಪು ಮಾಡಿಕೊಂಡು ಓಡಿ ಬಂದೆ. ಸೂರ್ಯನಲ್ಲಿ ದೊಡ್ಡ ಸ್ಫೋಟವಾಗಿದೆ, ಇಂಥ ಧ್ರುವಪ್ರಭೆ ಮತ್ತೆ ಯಾವಾಗಲೋ, ಗುಂಪಿನವರೆಲ್ಲ ತಯಾರಾಗುತ್ತಿದ್ದಾರೆ ಎಂದೆ. "ಅಕ್ಕ, ಇವತ್ತು ರಾತ್ರಿ ಫ್ಲೈಟಲ್ಲಿ ಸೀಟಿದೆ" ಎಂದೆ. ನಾನು ಒತ್ತುಶ್ಯಾವಿಗೆ ಒತ್ತುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಮಾತು ಕೊಟ್ಟಾಗಿದೆ ಧನು, ಅವರು ಏನಂದ್ಕೋತಾರೆ? ಆಕಾಶ ಎಲ್ಲಿಗೂ ಓಡಿಹೋಗಲ್ಲ" ಅಂದೆ. ನೀನು ಕೈಕಾಲು ತೊಳೆದು ತಟ್ಟೆ ಹಾಕಿಕೊಂಡು ಕೂತೆ. ಜಗಳವಾಡಬಾರದಿತ್ತೇ? ಚಿಕ್ಕಂದಿನಲ್ಲಿ ಒಂದು ಗಾಳಿಪಟಕ್ಕೆ ನನ್ನ ಜಡೆ ಹಿಡಿದು ಎಳೆದವನು ನೀನು. ಅವತ್ತು ಎಳೆದಿದ್ದರೆ ನಾನು ಬಿಟ್ಟುಕೊಡುತ್ತಿದ್ದೆ.

ಆ ಗುರುವಾರ ಕರೆನ್ ಬಡಾವಣೆಯ ಅವರ ಮನೆಯಲ್ಲಿ ನಡೆದದ್ದನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಮಧ್ಯಾಹ್ನ ಮಳೆ ಬಂದು ಹೋಗಿತ್ತು, ಜಕರಂಡಾ ಹೂವು ಡ್ರೈವ್‌ವೇ ತುಂಬ ಬಿದ್ದಿತ್ತು. ಉಪ್ಪಿಟ್ಟು, ಕೇಸರಿಬಾತು ಆಯಿತು, ಜಾಹ್ನವಿ ಕಾಫಿ ತಂದಳು, ತನ್ನ ಬ್ಯಾಂಕಿನ ಕೆಲಸದ ವಿಷಯ ಚೆನ್ನಾಗಿಯೇ ಮಾತಾಡಿದಳು ಪಾಪ. ನೀನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕತ್ತಲಾಗುತ್ತಿದ್ದ ಹಾಗೆ ಲೋಟ ಕೆಳಗಿಟ್ಟು, "ಒಂದು ನಿಮಿಷ" ಎಂದು ಹುಲ್ಲಿನ ಮೇಲೆ ನಡೆದುಹೋಗಿ, ಮನೆಗೆ ಬೆನ್ನು ಮಾಡಿ ಉತ್ತರಕ್ಕೆ ಮುಖ ಮಾಡಿ ನಿಂತುಬಿಟ್ಟೆ. ಆಕಾಶ ತೊಳೆದಿಟ್ಟ ಹಾಗಿತ್ತು. ಅವರ ಮನೆಯ ಕಾವಲಿನ ಅಸ್ಕಾರಿ ಕಳ್ಳನನ್ನು ಕಂಡೆಯೋ ಏನೋ ಎಂದು ಟಾರ್ಚು ಹಿಡಿದು ಬಂದವನು, ನಿನ್ನ ಪಕ್ಕ ನಿಂತು ತಾನೂ ಮೇಲೆ ನೋಡತೊಡಗಿದ. ಸಾನ್ವಿ ಓಡಿಹೋಗಿ ಏನು ಕಾಣುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಏನೂ ಇಲ್ಲ ಪುಟ್ಟಿ. ಚೆನ್ನಾಗಿ ನೋಡ್ದೆ, ಏನೂ ಇಲ್ಲ" ಎಂದೆ. ಒಳಗೆ ಜಾಹ್ನವಿಯ ತಾಯಿ ನನ್ನ ಕಡೆ ತಿರುಗಿ, "ಹುಡುಗ ಹುಡುಗೀನ ನೋಡೋಕೆ ಬಂದಿದ್ದೋ, ಆಕಾಶಾನ?" ಎಂದರು. ಅವರದೇನು ತಪ್ಪು ಹೇಳು? ಮೂರನೇ ದಿನ ಅವರ ಕಡೆಯಿಂದ, ಸದ್ಯಕ್ಕೆ ಬೇಡ ಎಂದು ಫೋನು ಬಂತು. ಅಷ್ಟು ಹೊತ್ತಿಗೆ ನೀನು ಹೋಗಿಯಾಗಿತ್ತು, ಆಕಾಶದ ಸಂಭ್ರಮವೂ ಮುಗಿದಿತ್ತು. ನಿನಗೆ ಅದೂ ಸಿಗಲಿಲ್ಲ, ಇದೂ ಸಿಗಲಿಲ್ಲ. ನನ್ನ ಹಟವೊಂದು ಗೆದ್ದಿತು.

ಆಮೇಲೆ ವರದಿಗಳು ಬರತೊಡಗಿದವು ನೋಡು. ನಿನ್ನ ಭಾವ ಪ್ರಿಂಟು ಹಾಕಿಸಿ ತಂದು ಮೇಜಿನ ಮೇಲೆ ಇಡುತ್ತಿದ್ದರು, ನಾನು ಓದುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದೆ. ನೆತ್ತಿಯ ಮೇಲೆ ಕೊಡೆ ಬಿಚ್ಚಿದಂತೆ ಕೆಂಪು ಕಿರಣಗಳು ಎಂದು ಒಬ್ಬರು ಬರೆದಿದ್ದರು. ಎಂಬತ್ತು ದಾಟಿದ ತಾಯಿಯನ್ನು ಕುರ್ಚಿಯ ಸಮೇತ ಅಂಗಳಕ್ಕೆ ಎತ್ತಿಕೊಂಡು ಬಂದೆವು ಎಂದು ಇನ್ನೊಬ್ಬರು. ಎಲ್ಲ ತುಂಬಿದ ಚುಕ್ಕೆಗಳೇ. ನಿನ್ನ ದ್ವೀಪದ ಹತ್ತಿರ ಬಂದಾಗ ಮಾತ್ರ ನನ್ನ ಪೆನ್ನು ನಿಂತುಬಿಡುತ್ತಿತ್ತು. ಆ ಕಡಲಿನಲ್ಲೆಲ್ಲ ನಿಮ್ಮ ಗುಂಪಿಗೆ ಇರುವವನು ನೀನೊಬ್ಬನೇ. ಕೊನೆಗೆ ನಿನ್ನ ಮೇಲ್ ಬಂತು, "ಅಕ್ಕ, ಇಲ್ಲಿ ಅಷ್ಟೂ ದಿನ ದಟ್ಟ ಮೋಡವಂತೆ. ಹೆಲನ್ ಹೇಳಿದ್ರು, ಅವರಿಗೂ ಏನೂ ಕಾಣ್ಲಿಲ್ಲವಂತೆ. ನಾನು ಇದ್ದಿದ್ರೂ ಅಷ್ಟೇ. ಇಂಟು ಹಾಕಿಬಿಡು." ಆ ಮೇಲನ್ನು ನಾನು ದೇವರ ಮುಂದಿಟ್ಟು ತುಪ್ಪದ ದೀಪ ಹಚ್ಚಿದೆ, ನಗಬೇಡ. ಸುತ್ತಲೂ ತಿಳಿಯಾಗಿದ್ದ ಆಕಾಶದಲ್ಲಿ ನಿನ್ನ ತಲೆಯ ಮೇಲೆ ಮಾತ್ರ ಒಂದು ಮೋಡ ಬಂದು ಕೂತಿತಲ್ಲ, ಅಮ್ಮನೇ ಕಳಿಸಿರಬೇಕು ಎಂದುಕೊಂಡೆ. ಈ ಎರಡು ತಿಂಗಳು ನನಗೆ ನಿದ್ದೆ ಬಂದದ್ದು ಆ ಮೋಡದ ಪುಣ್ಯದಿಂದ.

ಆದರೆ ಆಮೇಲೆ ನಿನ್ನಿಂದ ಒಂದು ವರದಿಯೂ ಬಂದಿಲ್ಲ ಧನು. ತುಂಬಿದ ಚುಕ್ಕೆಯಿಲ್ಲ, ಸೊನ್ನೆಯಿಲ್ಲ, ಮೋಡವೂ ಇಲ್ಲ. ನವೆಂಬರ್ ಇಪ್ಪತ್ತರಂದು ಮತ್ತೆ ದೊಡ್ಡದು ಬಂದಾಗಲೂ ನೀನು ಶಿಫ್ಟಿನಲ್ಲಿದ್ದೆ ಎಂದೆ. ಎಷ್ಟು ಶಿಫ್ಟಪ್ಪಾ ನಿನ್ನದು? ನಿನ್ನ ದ್ವೀಪ ನನ್ನ ಹಾಳೆಯಲ್ಲಿ ಬರಿದಾಗಿ ಉಳಿಯುತ್ತಿದೆ, ಅಲ್ಲಿ ಯಾರೂ ವಾಸವೇ ಇಲ್ಲವೇನೋ ಎನ್ನುವ ಹಾಗೆ. ನನ್ನ ಮೇಲೆ ಸಿಟ್ಟಿದ್ದರೆ ಬಯ್ಯಿ, ನನ್ನ ನಕ್ಷೆ ವಾಪಸು ಕಳಿಸು. ಮದುವೆಯ ಮಾತನ್ನು ನೀನಾಗಿ ತೆಗೆಯುವವರೆಗೆ ನಾನು ತೆಗೆಯುವುದಿಲ್ಲ. ನೀನು ಮಾತ್ರ ಕೋಟು ಹಾಕಿಕೊಂಡು ಹೊರಗೆ ಹೋಗಿ ಮತ್ತೆ ಆಕಾಶ ನೋಡು. ನನಗೆ ಬೇಕಿರುವುದು ಅಷ್ಟೇ.

ನಿನ್ನ ಭಾವ ನಿನ್ನನ್ನು ಕೇಳಿದೆ ಎಂದಿದ್ದಾರೆ. ಸಾನ್ವಿ ನಿನಗೊಂದು ಜಿರಾಫೆ ಬರೆದು ಕೊಳವೆಯೊಳಗೆ ತುರುಕಿದ್ದಾಳೆ. ವೇಳೆಗೆ ಸರಿಯಾಗಿ ಉಣ್ಣು, ಬೆಚ್ಚಗಿರು, ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಅಕ್ಕ,
ರುಕ್ಮಿಣಿ

ವಿ. ಸೂ.: ಧನು, ಕೊಳವೆಯ ಬಾಯಿಗೆ ಟೇಪು ಹಚ್ಚಿಯಾಗಿತ್ತು. ನಿನ್ನ ಭಾವ ಈಗ ಫ್ಯಾಕ್ಟರಿಯಿಂದ ಬರುವಾಗ ಪೋಸ್ಟ್ ಬಾಕ್ಸ್ ತೆಗೆದು ಟಪಾಲು ತಂದರು. ಅದರಲ್ಲಿ ಹೆಲನ್ ಕಳಿಸಿದ ಹೊಸ ವರ್ಷದ ಕಾರ್ಡು, ಒಳಗೊಂದು ಫೋಟೋ. ನಿಮ್ಮ ಮನೆಯ ಕಲ್ಲುಗೋಡೆ, ಅದಕ್ಕೆ ಒರಗಿಸಿದ ನಿನ್ನ ಸೈಕಲ್ಲು, ಮೇಲೆ ಆಕಾಶ ತುಂಬ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಒಂದು ಚೂರೂ ಮೋಡವಿಲ್ಲ. ಹಿಂದೆ ಬರೆದಿದ್ದಾಳೆ: ಅಕ್ಟೋಬರ್ ಮೂವತ್ತು, ಧನಂಜಯ ಇಲ್ಲವಲ್ಲ ಎಂದು ಅವನಿಗಾಗಿ ತೆಗೆದದ್ದು, ಒಂದು ಅವನ ಕೋಣೆಯ ಗೋಡೆಯ ಮೇಲಿದೆ, ಇನ್ನೊಂದು ಅಕ್ಕನಿಗಿರಲಿ. ದಿನಾ ಅದನ್ನು ನೋಡುತ್ತಾ ಮಲಗಿ, ಫೋನಿನಲ್ಲಿ ನನಗೆ ಚೆನ್ನಾಗಿದ್ದೀನಿ ಅಂದೆಯಲ್ಲೋ. ಇದರಲ್ಲಿ ಮಾತ್ರ ಸುಳ್ಳು ಬೇಡ ಎಂದವನು, ನನಗೆ ನಿದ್ದೆ ಬರಲಿ ಎಂದು ಮೋಡ ತರಿಸಿದೆಯಲ್ಲೋ. ಟೇಪು ಕಿತ್ತು ನಕ್ಷೆ ಹೊರಗೆ ತೆಗೆದೆ. ನಿನ್ನ ಭಾವನ ಬ್ಲೇಡಿನಿಂದ ಆ ಇಂಟು ಮಾರ್ಕನ್ನು ಕೆರೆದಿದ್ದೇನೆ, ಹಾಳೆ ಅಲ್ಲಿ ತುಸು ತರಿಯಾಗಿದೆ. ಗುಂಪಿನವರು ಕೇಳಿದರೆ ಅಕ್ಕನ ಕೈತಪ್ಪು ಅನ್ನು, ಅಷ್ಟು ಸುಳ್ಳು ನನ್ನ ಪಾಲಿಗಿರಲಿ. ಅಲ್ಲಿ ಈಗ ಹೆಲನ್ ಹೆಸರಿನಲ್ಲಿ ತುಂಬಿದ ಚುಕ್ಕೆ ಇದೆ. ನಿನ್ನ ವರದಿ ಬೇರೆ ಕಡೆ ಇದೆ. ನಕ್ಷೆಯ ಚೌಕಟ್ಟು ಮುಗಿದ ಮೇಲೆ, ಹಾಳೆಯ ತೀರಾ ಕೆಳಗಿನ ಅಂಚಿನಲ್ಲಿ ಹುಡುಕು. ಅಲ್ಲೊಂದು ಖಾಲಿ ಸೊನ್ನೆ ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ: ಕರೆನ್, ನೈರೋಬಿ. ಆಕಾಶ ತಿಳಿ. ಧನಂಜಯ ನೋಡಿದ, ಕಾಣಲಿಲ್ಲ.