ಜೀವಾಳ ಕಿವಿಗೆ ಮುತ್ತು

ಜೆಯಂತಿ,

ಜೀವಾಳಿಗೆ ಕಿವಿ ಚುಚ್ಚುವ ದಿನ ಅವಳು ಸೋದರಮಾವನಾದ ನನ್ನ ತೊಡೆಯ ಮೇಲೇ ಕೂರಬೇಕಲ್ಲ, ಆಗಲಾದರೂ ನೀನು ಕರೆಯುತ್ತೀಯೆಂದು ಫೋನಿನಲ್ಲಿ ನೋಡಿ ಅವಳ ಓಲೆಗೆಂದು ಮುತ್ತಿಗೆ ತಂತಿ ಸುತ್ತುವುದನ್ನು ಕಲಿತೆ. ಬಿಗಿದರೆ ಮುತ್ತು ಬಿರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ, ಅದೇ ಚಿಂತೆ.

"ದ್ರಾಕ್ಷಿ ಬಳ್ಳಿ ಕಟ್ಟೋ ಕೈ, ಮೆಲ್ಲಗೆ!" ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಅಷ್ಟರಲ್ಲಿ ಪಳನಿಯಿಂದ ಕರುಪ್ಪಾಯಿ ಅತ್ತೆ ಬಂದರು. "ಏನ್ಡಾ ರಾಜೇಂದ್ರಾ, ಜೀವಾಗೆ ಕಿವಿ ಚುಚ್ಚಾಯ್ತು. ತಾಯಿಮಾಮ ನೀನೇ ಇಲ್ಲ, ಚಿಕ್ಕಪ್ಪನ ತೊಡೆ ಮ್ಯಾಲೆ ಕೂರ್ಸಿದ್ರು. ಯಾಕಡಾ ಬರ್ಲಿಲ್ಲ?"

"ಜ್ವರ ಅತ್ತೆ," ಎಂದುಬಿಟ್ಟೆ.

ಹೆಂಡತಿ ಎದ್ದು ಒಳಗೆ ಹೋದಳು.

ಮಗು ತುಂಬ ಅತ್ತಳಾ? ಈಗ ಎರಡನೇ ಓಲೆಯ ತಂತಿ ತುದಿಯನ್ನು ಉಜ್ಜುತ್ತ ಕೂತಿದ್ದೇನೆ. ಎಳೆ ಕಿವಿ, ಗೀರಬಾರದಲ್ಲ.

ನಿನ್ನಣ್ಣ